ಒಂದು ಗುರುವಾರದ ರಾತ್ರಿಯನ್ನು ಬರೆಯಿರಿ

ಮಾನ್ಯರೇ,

ಅರಬ್ ಗಾಯಕಿಯರ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ವಿಷಯ ಚೆನ್ನಾಗಿರುವುದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮದೀನಾದ ಜಮೀಲಾಳಿಂದ ಫೈರೂಜ್‌ವರೆಗೆ ಹದಿಮೂರು ಶತಮಾನಗಳನ್ನು ಆರು ಪುಟಗಳಲ್ಲಿ ಮುಗಿಸಿದ್ದೀರಿ. ಎಲ್ಲರಿಗೂ ಒಂದು ಊರು, ಒಂದು ಬಿರುದು, ಒಂದು ‘ಅಮೃತಕಂಠ’. ಗುಲಾಮಳಾಗಿ ಕೈಯಿಂದ ಕೈಗೆ ಮಾರಾಟವಾಗಿಯೂ ಖಲೀಫರ ಆಸ್ಥಾನದಲ್ಲಿ ಮೆರೆದ ಅರೀಬ್ ಎಲ್ಲಿ, ಬೈರೂತಿನ ಫೈರೂಜ್ ಎಲ್ಲಿ! ನಿಮ್ಮ ಬರಹದಲ್ಲಿ ಇಬ್ಬರ ಹೆಸರು ಅದಲುಬದಲಾದರೂ ಓದುಗರಿಗೆ ಗೊತ್ತಾಗುವುದಿಲ್ಲ.

ಈಜಿಪ್ಟಿನ ಗಾಯಕಿ ಉಮ್ ಕುಲ್ಸುಮ್ ಒಬ್ಬರನ್ನೇ ಇಟ್ಟುಕೊಳ್ಳಿ. ತಂದೆ ಆಕೆಗೆ ಹುಡುಗನ ವೇಷ ಹಾಕಿಸುತ್ತಿದ್ದರೆಂದು ಮೂರನೆಯ ಪುಟದಲ್ಲಿ ಒಂದೇ ಸಾಲು ಬರೆದು ಕೈರೋಗೆ ಜಿಗಿದಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ನೈಲ್ ಮುಖಜಭೂಮಿಯ ಹಳ್ಳಿ. ಮಸೀದಿಯ ಇಮಾಮರಾಗಿದ್ದ ತಂದೆ ನಾಲ್ಕು ಕಾಸಿಗಾಗಿ ಮದುವೆ ಮನೆಗಳಲ್ಲಿ ಭಕ್ತಿಗೀತೆ ಹಾಡುವವರು. ಮಗಳ ಗಂಟಲು ಎಲ್ಲರನ್ನೂ ಮೀರಿಸಿದ್ದು. ಪರಪುರುಷರೆದುರು ಹೆಣ್ಣುಮಗಳನ್ನು ಹಾಡಿಸಲು ಅಂಜಿ ಆಕೆಗೆ ಗಂಡುಡುಗೆ ತೊಡಿಸಿದ್ದು. ಇಡೀ ಲೇಖನವೇ ಅಲ್ಲಿದೆ.

ಇನ್ನು ಹಾಡು. ‘ಕೇಳುಗರು ಮಂತ್ರಮುಗ್ಧರಾಗುತ್ತಿದ್ದರು’ ಎಂದರೆ ನನಗೇನೂ ಕೇಳಿಸುವುದಿಲ್ಲ. ತಿಂಗಳ ಮೊದಲ ಗುರುವಾರ ರಾತ್ರಿ ಆಕೆಯ ಕಛೇರಿ ಕೈರೋ ರೇಡಿಯೋದಲ್ಲಿ ನೇರವಾಗಿ ಬರುತ್ತಿತ್ತು. ಒಂದೇ ಹಾಡು ಒಂದು ತಾಸು ಬೆಳೆಯುತ್ತಿತ್ತು. ಒಂದು ಸಾಲು ಹಾಡುವರು, ಸಭೆ ‘ಅಲ್ಲಾಹ್!’ ಎಂದು ಉದ್ಗರಿಸುವುದು. ಅದೇ ಸಾಲನ್ನು ಬೇರೆ ತಿರುವಿನಲ್ಲಿ, ಬೇರೆ ಒತ್ತಿನಲ್ಲಿ ಮತ್ತೆ ಎತ್ತಿಕೊಳ್ಳುವರು. ಕರ್ನಾಟಕ ಸಂಗೀತದಲ್ಲಿ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ಕೇಳಿ ಬಲ್ಲ ನಮ್ಮ ಓದುಗರಿಗೆ ಇದನ್ನು ಮುಟ್ಟಿಸುವುದು ಕಷ್ಟವಲ್ಲ. ‘ಅರಬ್ಬರ ಲತಾ’ ಎಂದು ಬರೆದು ಆ ಅವಕಾಶ ಕೈಬಿಟ್ಟಿದ್ದೀರಿ.

‘ಕವಿ, ಸಂಯೋಜಕರು ರೂಪಿಸಿದ ತಾರೆ’ ಎಂಬ ಮಾತಿಗಂತೂ ನನ್ನ ತಕರಾರಿದೆ. ಅಹ್ಮದ್ ರಾಮಿ ಬರೆದರು, ರಿಯಾದ್ ಸುನ್ಬಾತಿ ರಾಗ ಹಾಕಿದರು, ನಿಜ. ಆದರೆ ಯಾವ ಕವಿತೆ, ಯಾವ ಸಾಲು, ಎಷ್ಟು ಸಂಭಾವನೆ ಎಂಬುದರಲ್ಲಿ ಕೊನೆಯ ಮಾತು ಆಕೆಯದು. ಹಳೆಯ ಸಂಯೋಜಕ ಮುಹಮ್ಮದ್ ಅಲ್-ಕಸಬ್ಜಿಯವರ ಹೊಸ ರಚನೆಗಳನ್ನು ಹಾಡುವುದನ್ನು ಆಕೆ ನಿಲ್ಲಿಸಿದ ಮೇಲೂ ಅವರು ವರ್ಷಗಟ್ಟಲೆ, 1966ರಲ್ಲಿ ತೀರಿಕೊಳ್ಳುವವರೆಗೂ, ಆಕೆಯ ವಾದ್ಯವೃಂದದಲ್ಲಿ ಔದ್ ಎಂಬ ತಂತಿವಾದ್ಯ ನುಡಿಸುತ್ತಾ ಕುಳಿತರು. ಇದನ್ನು ನಿಷ್ಠೆ ಎನ್ನುವಿರೋ, ಕ್ರೌರ್ಯ ಎನ್ನುವಿರೋ? ನನಗೆ ಎರಡೂ ಕಾಣುತ್ತದೆ. ನೀವು ಅವರ ಹೆಸರನ್ನೇ ಎತ್ತಿಲ್ಲ.

ಸಣ್ಣ ತಿದ್ದುಪಡಿಗಳು: ಉಮ್ ಕುಲ್ಸುಮ್ ಹುಟ್ಟಿದ ವರ್ಷ 1898 ಎಂದೂ 1904 ಎಂದೂ ಹೇಳುವವರಿದ್ದಾರೆ, ಒಂದನ್ನೇ ಖಚಿತವಾಗಿ ಬರೆಯಬೇಡಿ. ಪ್ಯಾರಿಸ್ಸಿನ ಒಲಂಪಿಯಾ ಸಭಾಂಗಣದ ಕಛೇರಿ ನಡೆದದ್ದು ಇಸ್ರೇಲ್ ಜೊತೆಗಿನ 1967ರ ಯುದ್ಧಕ್ಕೆ ಮೊದಲಲ್ಲ, ಈಜಿಪ್ಟ್ ಸೋತ ನಂತರ, ನವೆಂಬರಿನಲ್ಲಿ. ಗಳಿಕೆಯನ್ನು ಆಕೆ ದೇಶಕ್ಕೆ ಕೊಟ್ಟದ್ದು ಆಗಲೇ ಅರ್ಥವಾಗುವುದು.

ಸಾವಿರದ ಇನ್ನೂರು ಪದ ಮೀರದಂತೆ ಮತ್ತೆ ಬರೆದು ಕಳುಹಿಸಿ. ಅದಕ್ಕೆ ಮುಂಚೆ ಒಂದು ಧ್ವನಿಮುದ್ರಣವನ್ನು ಚಪ್ಪಾಳೆ ಸಮೇತ, ಕೊನೆಯವರೆಗೆ ಕೇಳಿ.

ಸಂಪಾದಕ