‘ಅವಳಿಗೇ ಬಿಟ್ಟಿದ್ದೀನಿ’ ಅಂದ ಶಾರದಮ್ಮ: ಒಂದು ಆಪ್ತಸಲಹೆ ಪ್ರಕರಣ

ಹೆಸರು, ಊರು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಕಾಯಿಲೆಯನ್ನು ಬದಲಿಸಲಾಗಲಿಲ್ಲ. ಹಾಸನದ ದೇವಿ ಹಾಸನಾಂಬೆಯನ್ನೂ ಬದಲಿಸಲಾಗಲಿಲ್ಲ, ಅವಳನ್ನು ಬಿಟ್ಟರೆ ಈ ಪ್ರಕರಣವೇ ಇಲ್ಲ. ಬರೆಯುವುದಕ್ಕೆ ಒಪ್ಪಿಗೆ ಪಡೆದಿದ್ದೇನೆ. “ಬರೀರಿ, ನನ್ನಂಗೆ ಇರೋರು ಬೇಕಾದಷ್ಟು ಜನ ಅವ್ರೆ” ಅಂದರು.

ಶಾರದಮ್ಮನಿಗೆ ನಲವತ್ತಾರು. ಅರಸೀಕೆರೆ ಕಡೆ ತೆಂಗಿನ ತೋಟದ ಮನೆ ಅಂತಿಟ್ಟುಕೊಳ್ಳಿ. ಎರಡೂ ಕಿಡ್ನಿ ಕೈಕೊಟ್ಟಾಗ ತಾಯಿಯೇ ಒಂದು ಕಿಡ್ನಿ ಕೊಟ್ಟಿದ್ದರು. ಕಸಿ ಮಾಡಿದ ಕಿಡ್ನಿಯನ್ನು ಮೂರನೇ ವರ್ಷ ದೇಹ ಒಪ್ಪಲಿಲ್ಲ. ಅದರ ಮರುವರ್ಷ ತಾಯಿ ಹೃದಯಾಘಾತದಲ್ಲಿ ತೀರಿಕೊಂಡರು. ಕಿಡ್ನಿ ಕೊಟ್ಟಿದ್ದಕ್ಕೂ ಈ ಸಾವಿಗೂ ಸಂಬಂಧವಿಲ್ಲ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಶಾರದಮ್ಮನ ಲೆಕ್ಕದಲ್ಲಿ ಮಾತ್ರ “ಅವ್ವನ್ನ ನಾನೇ ತಿಂದ್ಕಂಡೆ.” ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ಗಂಟೆ. ಸರ್ಕಾರಿ ಘಟಕದಲ್ಲಿ ಉಚಿತವೇ. ಆದರೆ ಓಡಾಟ, ಔಷಧಿ, ಹಳೇ ಸಾಲ ಸೇರಿ ತೋಟದ ಅರ್ಧ ಕೈಬಿಟ್ಟಿದೆ. ಮಗ ಡಿಪ್ಲೊಮಾ ನಿಲ್ಲಿಸಿ ಕೆಲಸಕ್ಕೆ ಹೋಗುತ್ತಿದ್ದಾನೆ.

ನನ್ನ ಹತ್ತಿರ ಕಳಿಸಿದ್ದು ಡಯಾಲಿಸಿಸ್ ಟೆಕ್ನಿಷಿಯನ್. ಎರಡು ಸರದಿ ತಪ್ಪಿಸಿ, ಮೂರನೆಯದಕ್ಕೆ ಏದುಸಿರು ಬಿಡುತ್ತಾ ಬಂದಿದ್ದರಂತೆ. ಯಾಕೆ ಬರಲಿಲ್ಲ ಅಂದರೆ ಒಂದೇ ಮಾತು: “ಅವಳಿಗೇ ಬಿಟ್ಟಿದ್ದೀನಿ.”

ಈ ಮಾತನ್ನು ಮನೆಯವರು ಭಕ್ತಿ ಅಂದುಕೊಂಡಿದ್ದರು. ಗಂಡ ನನ್ನ ಮುಂದೆ ಕೂತು, “ಅವ್ಳಿಗೆ ದೇವರ ಮೇಲೆ ಭಾರೀ ನಂಬಿಕೆ ಸಾರ್, ಅದೊಂದೇ ಕಾಪಾಡ್ತಿರೋದು” ಎಂದು ಹೆಮ್ಮೆಯಿಂದ ಹೇಳಿದರು. ಪಕ್ಕದಲ್ಲಿದ್ದ ಶಾರದಮ್ಮ ಎಡಗೈ ಮಣಿಕಟ್ಟಿನ ಮೇಲೆ ಬಲಗೈಯ ಎರಡು ಬೆರಳಿಟ್ಟು ಕೂತಿದ್ದರು. ಅಲ್ಲೇ ಅವರ ಫಿಸ್ಟುಲಾ. ಡಯಾಲಿಸಿಸ್ ಸೂಜಿ ಚುಚ್ಚಲು ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ ಮಾಡಿದ ಜಾಗ. ಮುಟ್ಟಿದರೆ ಒಳಗೆ ಗುಂಯ್ ಅಂತ ಕಂಪಿಸಬೇಕು, ಕಂಪನ ನಿಂತರೆ ಕೆಟ್ಟಿದೆ ಅಂತರ್ಥ. ದಿನಾ ಮುಟ್ಟಿ ನೋಡಿಕೊಳ್ಳಿ ಎಂದು ಎಲ್ಲ ರೋಗಿಗಳಿಗೂ ಹೇಳಿಕೊಟ್ಟಿರುತ್ತಾರೆ. ಸಾಯಲು ಬಿಟ್ಟುಕೊಂಡವರು ಅದನ್ನು ಇಷ್ಟು ಜೋಪಾನವಾಗಿ ನೋಡಿಕೊಳ್ಳುವುದಿಲ್ಲ. ನನಗೆ ಗಂಡನ ಮಾತಿಗಿಂತ ಆ ಬೆರಳುಗಳ ಮೇಲೆ ಹೆಚ್ಚು ಭರವಸೆ ಬಂತು.

ಗಂಡನನ್ನು ಹೊರಗೆ ಕೂರಿಸಿ ನೇರವಾಗಿ ಕೇಳಿದೆ: “ಡಯಾಲಿಸಿಸ್‌ಗೆ ಬರದೆ ಇದ್ದಾಗ, ಹೀಗೇ ಹೋಗಿಬಿಟ್ಟರೆ ಸಾಕು ಅನ್ನಿಸಿತ್ತಾ?” ಸಾಯುವ ಮಾತು ಎತ್ತಿದರೆ ಆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರಿದ್ದಾರೆ. ಹಾಗೇನೂ ಆಗುವುದಿಲ್ಲ, ಬಾಯಿಬಿಡಲು ಒಂದು ದಾರಿ ಸಿಗುತ್ತದೆ ಅಷ್ಟೇ. ಶಾರದಮ್ಮ ಸುಮಾರು ಹೊತ್ತು ಸುಮ್ಮನಿದ್ದು ಹೇಳಿದರು: “ಹಗ್ಗ ಹಾಕ್ಕಂಡ್ರೆ ಪಾಪ. ಇದಾದ್ರೆ ಅವಳೇ ಕರ್ಕಂಡಂಗೆ ಆಯ್ತದಲ್ಲ.”

ನಂಬಿಕೆ ಎಂದು ಮನೆಯವರು ಹೊಗಳುತ್ತಿದ್ದುದರ ಒಳಗೆ ಇದ್ದದ್ದು ಇದು.

ಆಮೇಲೆ ಒಂದೊಂದಾಗಿ ಹೊರಬಂತು. ಮೊದಲ ಸಲ ಕಾಯಿಲೆ ಗೊತ್ತಾದಾಗ ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿದ್ದರು. ಧರ್ಮಸ್ಥಳ, ಹೊರನಾಡು ಎಲ್ಲ ಕಡೆ ಹರಕೆ. ಕಸಿ ಆದಾಗ “ದೇವರು ಕಣ್ಬಿಟ್ಟ” ಅಂದ ನೆಂಟರೇ, ಕೆಟ್ಟಾಗ “ಯಾವುದೋ ಹರಕೆ ಬಾಕಿ ಉಳಿಸಿರಬೇಕು” ಅಂದರು. ಓರಗಿತ್ತಿಯ ಮನೆ ಅರಿಶಿನ ಕುಂಕುಮಕ್ಕೆ ಹೋದಾಗ ಎಡಗೈಯಲ್ಲಿ ಬಳೆ ಇಲ್ಲದ್ದನ್ನು ನೋಡಿ ಒಬ್ಬಾಕೆ ಬಾಗಿನ ಕೊಡುವ ಕೈಯನ್ನೇ ಹಿಂದಕ್ಕೆಳೆದುಕೊಂಡಳಂತೆ. ಫಿಸ್ಟುಲಾ ಇರುವ ಕೈಗೆ ಬಿಗಿಯಾದ್ದೇನೂ ಹಾಕಬಾರದು, ಬಿಪಿ ಪಟ್ಟಿಯನ್ನೂ ಕಟ್ಟಬಾರದು, ಭಾರ ಎತ್ತಬಾರದು. ಇದನ್ನು ಆ ಸಭೆಯಲ್ಲಿ ಯಾರಿಗೆ ವಿವರಿಸುವುದು? ಅವತ್ತಿನಿಂದ ಇವರು ಎಲ್ಲಿಗೂ ಹೋಗಿಲ್ಲ.

ಹಾಸನಾಂಬೆಯ ವಿಷಯ ಬೇರೆ. ಮದುವೆಯಾದಾಗಿನಿಂದ ಒಂದು ವರ್ಷವೂ ದರ್ಶನ ತಪ್ಪಿಸಿರಲಿಲ್ಲ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಮಾತ್ರ, ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆರೆದು, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುತ್ತದೆ. ಮುಚ್ಚುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆರೆಯುವವರೆಗೂ ಉರಿಯುತ್ತಿರುತ್ತದೆ, ಹೂವು ಬಾಡಿರುವುದಿಲ್ಲ ಎಂಬುದು ಜನರ ನಂಬಿಕೆ. ಗುಡಿಯೊಳಗೆ ಸೊಸೆ ಕಲ್ಲು ಅಂತ ಒಂದಿದೆ. ದಿನಾ ದರ್ಶನಕ್ಕೆ ಬರುತ್ತಿದ್ದ ಸೊಸೆಯನ್ನು ಅತ್ತೆ ಹಿಂಬಾಲಿಸಿ ಬಂದು ಹೊಡೆದಳು, ಸೊಸೆ ಅಮ್ಮಾ ಎಂದು ಕೂಗಿದಳು, ದೇವಿ ಅವಳನ್ನು ಕಲ್ಲಾಗಿಸಿ ತನ್ನ ಬಳಿಯೇ ಇಟ್ಟುಕೊಂಡಳು ಎಂದು ಕತೆ. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಪಾದದ ಕಡೆ ಸರಿಯುತ್ತದಂತೆ.

“ಹೊಡ್ಸ್ಕಂಡೋಳ್ನ ಕಲ್ಲು ಮಾಡಿದ್ಲು. ಹೊಡ್ದೋಳ್ಗೆ ಏನ್ ಮಾಡಿದ್ಲು?” ಶಾರದಮ್ಮ ನನ್ನನ್ನೇ ಕೇಳಿದರು. ಹುಟ್ಟಿದಾಗಿನಿಂದ ಈ ಕತೆ ಕೇಳಿದ್ದೇನೆ, ಹೀಗೆ ಕೇಳಿದವರನ್ನು ನೋಡಿರಲಿಲ್ಲ. “ಈ ಪ್ರಶ್ನೆಯನ್ನ ಅವಳನ್ನೇ ಕೇಳಿದ್ದೀರಾ?” ಅಂದೆ. “ಅಯ್ಯೋ, ಶಾಪ ತಟ್ಟಲ್ವಾ?” ಎಂದು ನಾಲಿಗೆ ಕಚ್ಚಿಕೊಂಡರು.

ಪ್ರಕರಣ ಹಿಡಿತಕ್ಕೆ ಸಿಕ್ಕಿದ್ದು ಇಲ್ಲಿ. ದೇವಿಯ ಮೇಲೆ ಕುದಿಯುವಷ್ಟು ಸಿಟ್ಟಿದೆ, ಸಿಟ್ಟು ಮಾಡಿಕೊಂಡರೆ ಪಾಪ ಎಂಬ ಭಯ ಅದಕ್ಕಿಂತ ದೊಡ್ಡದಿದೆ. ಆ ಸಿಟ್ಟು ತಿರುಗಿ ಅವರನ್ನೇ ಸುಡುತ್ತಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಂಥ ಕಡೆ ನೆನಪಾಗುತ್ತದೆ. ಆಸ್ಪತ್ರೆ ಸೇರಿದ್ದ, 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಗಮನಿಸಿದ್ದರು. ದೇವರು ನನ್ನ ಕೈಬಿಟ್ಟನೇ, ಅವನಿಗೆ ನನ್ನ ಮೇಲೆ ಪ್ರೀತಿ ಇದೆಯೇ ಎಂಬ ತೊಳಲಾಟದಲ್ಲಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು. ತೊಳಲಾಟವೇ ಕೊಂದಿತು ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ‘ಅದು ಅವರ ದೇವರ ವಿಷಯ, ನಮಗ್ಯಾಕೆ’ ಎಂದು ಆಪ್ತಸಲಹೆಗಾರರು ಪಕ್ಕಕ್ಕಿಡುವ ಸಂಗತಿಯಂತೂ ಅಲ್ಲ.

ಮೊದಲು ಮಾಡಿದ್ದು ಮನೋವೈದ್ಯರ ಬಳಿ ಕಳಿಸಿದ್ದು. ಕಿಡ್ನಿ ರೋಗಿಗಳಲ್ಲಿ ಖಿನ್ನತೆ ಗುರುತಿಸುವುದು ಕಷ್ಟ. ಸುಸ್ತು, ನಿದ್ದೆ ಇಲ್ಲದಿರುವುದು, ಬಾಯಿ ರುಚಿ ಕೆಡುವುದು ಕಿಡ್ನಿ ಕಾಯಿಲೆಯಲ್ಲೂ ಇರುತ್ತವೆ, ರಕ್ತಹೀನತೆಯೂ ಕೂಡಿಕೊಳ್ಳುತ್ತದೆ. ಹಾಗಾಗಿ ‘ನಾನು ಯಾರಿಗೂ ಬೇಡವಾದವಳು’, ‘ಮುಂದೆ ಏನೂ ಇಲ್ಲ’ ಎಂಬ ಯೋಚನೆಗಳನ್ನೇ ಹುಡುಕಬೇಕು. ಇವರಲ್ಲಿ ಎರಡೂ ಇದ್ದವು. ಮನೋವೈದ್ಯರು ಕಿಡ್ನಿ ವೈದ್ಯರ ಜೊತೆ ಮಾತಾಡಿ ಕಡಿಮೆ ಪ್ರಮಾಣದ ಮಾತ್ರೆ ಶುರುಮಾಡಿದರು. ಕೆಲಸ ಮಾಡಲು ಕೆಲವು ವಾರ ಬೇಕು, ಮಧ್ಯೆ ಬಿಡಬೇಡಿ ಎಂದು ಮಗನಿಗೆ ಹೇಳಿದೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆ.

ಎರಡನೆಯದು ಡಯಾಲಿಸಿಸ್. ಇದನ್ನು ಕಡ್ಡಿ ಮುರಿದಂತೆ ಹೇಳಿದೆ: “ಸರದಿ ತಪ್ಪಿಸಿದರೆ ಪೊಟ್ಯಾಶಿಯಂ ಏರಿ ಹೃದಯ ನಿಲ್ಲಬಹುದು, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಅದು ಅವಳು ಕರೆದುಕೊಂಡದ್ದು ಆಗುವುದಿಲ್ಲ, ನೀವು ಹೋದದ್ದು ಆಗುತ್ತದೆ. ಆ ನಿರ್ಧಾರಕ್ಕೆ ಅವಳ ಸಹಿ ಹಾಕಿಸಬೇಡಿ.” ಚಿಕಿತ್ಸೆ ಬೇಡ ಅನ್ನುವ ಹಕ್ಕು ರೋಗಿಗೆ ಇದೆ ಎಂಬುದನ್ನೂ ಮುಚ್ಚಿಡಲಿಲ್ಲ. ಖಿನ್ನತೆ ಇಳಿದ ಮೇಲೆ, ವೈದ್ಯರು, ಗಂಡ, ಮಗ ಎಲ್ಲರ ಮುಂದೆ ಕೂತು ಆ ಮಾತು ಆಡೋಣ, ಅಲ್ಲಿಯವರೆಗೆ ಒಂದು ಸರದಿಯೂ ತಪ್ಪಬಾರದು ಎಂದು ಒಪ್ಪಂದವಾಯಿತು. ಬರೆದು ಸಹಿ ಮಾಡಿಸುವ ಪದ್ಧತಿ ಕೆಲವರದ್ದು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಟೆಕ್ನಿಷಿಯನ್ ಸರದಿ ದಿನ ಬೆಳಿಗ್ಗೆ ಒಂದು ಫೋನ್ ಮಾಡುತ್ತೇನೆಂದು ಒಪ್ಪಿಕೊಂಡರು. ಅದು ಸಹಿಗಿಂತ ಹೆಚ್ಚು ಕೆಲಸಕ್ಕೆ ಬಂತು.

ಮೂರನೆಯದಕ್ಕೆ ಹೆಚ್ಚು ಭೇಟಿಗಳು ಹಿಡಿದವು. ದಾಸರ ಪದಗಳಲ್ಲಿ ನಿಂದಾಸ್ತುತಿ ಅಂತಲೇ ಒಂದು ಬಗೆಯಿದೆ, ದೇವರನ್ನು ಎದುರಿಗೆ ನಿಲ್ಲಿಸಿಕೊಂಡು ಬೈಯುವುದು, ಹಂಗಿಸುವುದು. ಅದನ್ನು ಭಜನೆಯಲ್ಲಿ ಕೂತು ಹಾಡುತ್ತೇವೆ, ಯಾರಿಗೂ ಶಾಪ ತಟ್ಟಿದ್ದು ಕಾಣೆ. ವಚನಕಾರರೂ ತಮ್ಮ ದೇವರ ಜೊತೆ ಜಗಳಕ್ಕೆ ನಿಂತವರೇ. ಶಾರದಮ್ಮನಿಗೆ ಇದನ್ನು ನೆನಪಿಸಿ, ಮನೆಯಲ್ಲಿ ಒಬ್ಬರೇ ಇರುವಾಗ ಹಾಸನಾಂಬೆಯ ಪಟದ ಮುಂದೆ ಕೂತು, ಬೇಡುವುದು ಬಿಟ್ಟು, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳಿ ಅಂದೆ. ಮೊದಲ ವಾರ ಆಗಲಿಲ್ಲ. ಮುಂದಿನ ಸಲ ಬಂದವರು, “ಬೈದ್ಬುಟ್ಟೆ. ನಮ್ಮವ್ವನ್ನ ಯಾಕ್ ಕರ್ಕಂಡೆ, ಕೊಟ್ಟಿದ್ದು ಕಿತ್ಕಳದಾದ್ರೆ ಯಾಕ್ ಕೊಟ್ಟೆ ಅಂತ ಕೇಳ್ದೆ” ಅಂದರು. ಆಮೇಲೆ? “ಆಮೇಲೆ ಅತ್ತೆ. ಆಮೇಲೆ ಹಸಿವಾಯ್ತು.”

ಅದೇ ಭೇಟಿಯಲ್ಲಿ, “ನೀವು ದೇವರನ್ನ ನಂಬ್ತೀರಾ?” ಎಂದು ಕೇಳಿದರು. ನನ್ನ ನಂಬಿಕೆ ಆ ಕೋಣೆಗೆ ಬೇಕಿಲ್ಲದ ವಿಷಯ. ನಂಬುತ್ತೇನೆ ಅಂದರೆ ನಾನು ದೇವರ ಕಡೆಯವನಾಗುತ್ತೇನೆ, ಇಲ್ಲ ಅಂದರೆ ಅವರು ತಮ್ಮ ದೇವಿಯನ್ನು ನನ್ನೆದುರು ಸಮರ್ಥಿಸಿಕೊಳ್ಳಬೇಕಾಗುತ್ತದೆ. “ನಿಮ್ಮಿಬ್ಬರ ಜಗಳದಲ್ಲಿ ನಾನು ಯಾರ ಕಡೆಗೂ ಇಲ್ಲ, ಜಗಳ ಪೂರ್ತಿ ಆಗಲಿ ಅಂತ ಕಾಯ್ತಿದೀನಿ” ಅಂದೆ. ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಚರಣೆಗಳ ವಿಷಯದಲ್ಲಿ ಡಯಟಿಷಿಯನ್ ಜೊತೆ ಕೂತು ಕೆಲವು ಹೊಂದಾಣಿಕೆ ಮಾಡಿಕೊಂಡೆವು. ಪಂಚಾಮೃತದ ಬಾಳೆಹಣ್ಣು, ಒಣದ್ರಾಕ್ಷಿ, ಅಭಿಷೇಕದ ಎಳನೀರು ಇವೆಲ್ಲ ಪೊಟ್ಯಾಶಿಯಂ. ತೆಂಗಿನ ತೋಟದ ಮನೆಯಲ್ಲಿ ಎಳನೀರು ಬೇಡ ಅನ್ನುವುದು ಎಷ್ಟು ಕಷ್ಟ ಅಂತ ಯೋಚಿಸಿ! ತೀರ್ಥ ಒಂದು ಉದ್ಧರಣೆ ಸಾಕು, ಅದನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸಬೇಕು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಗಂಡನಿಗೆ ಕೊಡಬಹುದು. ಉಪವಾಸ ಬೇಡವೇ ಬೇಡ. ಹಾಸನಾಂಬೆ ದರ್ಶನ ಡಯಾಲಿಸಿಸ್ ಆದ ಮರುದಿನ ಮಾತ್ರ, ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುವಂತಿಲ್ಲ. ಹೊಸ ಹರಕೆ ಕಟ್ಟಿಕೊಳ್ಳುವುದನ್ನು ಸದ್ಯಕ್ಕೆ ನಿಲ್ಲಿಸಿ ಎಂದು ಸಲಹೆ ಕೊಟ್ಟೆ. ಹರಕೆ ತಪ್ಪು ಅಂತಲ್ಲ. ಪ್ರತಿ ರಕ್ತಪರೀಕ್ಷೆಯನ್ನೂ ದೇವಿಯ ತೀರ್ಪು ಅಂತ ಓದುವ ಅಭ್ಯಾಸ ಇವರಿಗೆ ಆಗಿಬಿಟ್ಟಿತ್ತು. ಕಿಡ್ನಿ ಹೊರಹಾಕಬೇಕಾದ ಕಶ್ಮಲ ಕ್ರಿಯೇಟಿನಿನ್ ರಕ್ತದಲ್ಲಿ ಏರಿದರೆ ಶಿಕ್ಷೆ, ಇಳಿದರೆ ಕೃಪೆ. ಡಯಾಲಿಸಿಸ್ ಮಾಡಿದಾಗ ಇಳಿಯುತ್ತದೆ, ಮಾಡದಿದ್ದರೆ ಏರುತ್ತದೆ, ಅದರಲ್ಲಿ ಪಾಪಪುಣ್ಯ ಇಲ್ಲ.

ಮನೆಯವರಿಗೆ ಹೇಳಿದ್ದು ಚಿಕ್ಕದು. ‘ಎಲ್ಲ ಒಳ್ಳೇದಕ್ಕೇ’, ‘ದೇವರು ಒಳ್ಳೆಯವರನ್ನೇ ಪರೀಕ್ಷಿಸೋದು’, ‘ಪೂರ್ವಜನ್ಮದ ಕರ್ಮ’ ಈ ಮಾತುಗಳು ಮನೆಯಲ್ಲಿ ನಿಲ್ಲಬೇಕು. ಅವರಾಗಿ ಹೇಳಿಕೊಂಡರೆ ಅವರಿಷ್ಟ, ಬೇರೆಯವರು ಹೇಳಬಾರದು. ದೇವರ ಪರವಾಗಿ ಯಾರೂ ವಕಾಲತ್ತು ವಹಿಸಬೇಕಿಲ್ಲ. ಬಳೆಯ ವಿಷಯವನ್ನು ಗಂಡನೇ ಹೋಗಿ ಅತ್ತಿಗೆಗೆ ವಿವರಿಸಿ ಬಂದರು. ಗಂಡಸರು ಇಂಥ ಮಾತಿಗೆ ಹೋಗುವುದು ನಮ್ಮ ಕಡೆ ಅಪರೂಪ.

ಈಗ ಏಳೆಂಟು ತಿಂಗಳಾಗಿದೆ. ಸರದಿ ತಪ್ಪಿಲ್ಲ. ನಿದ್ದೆ ಪರವಾಗಿಲ್ಲ. ತಾಯಿಯ ವಿಷಯ ಬಂದರೆ ಇವತ್ತಿಗೂ ಮಾತು ನಿಲ್ಲುತ್ತದೆ. ಮನೆಯ ದೀಪ ಹಚ್ಚುವುದು ಗಂಡನೇ. “ನಂಗಿನ್ನೂ ಮನಸ್ಸಾಗ್ತಿಲ್ಲ, ಆದ್ರೆ ಅವಳು ಇಲ್ಲ ಅಂತ ಅನ್ನಿಸ್ತಿಲ್ಲ” ಅನ್ನುತ್ತಾರೆ. ಹಚ್ಚಿ ಅಂತ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಮೃತ ದಾನಿಗಳ ಅಂಗ ಹಂಚಿಕೆ ನೋಡಿಕೊಳ್ಳುವ ರಾಜ್ಯದ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಬಹುದೇ ಎಂದು ಹೋದ ಭೇಟಿಯಲ್ಲಿ ಅವರೇ ಕೇಳಿದರು. ಆಸ್ಪತ್ರೆಯ ಮೂಲಕ ಅರ್ಜಿ ಹಾಕುವುದು ಹೇಗೆ ಎಂದು ತಿಳಿಸಿದೆ. ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿದ್ದಾರೆ: ಕಿಡ್ನಿಗಾಗಿ ಕಾಯುವುದೆಂದರೆ ಯಾರದೋ ಸಾವಿಗೆ ಕಾಯುವುದಲ್ಲವೇ, ಹಾಗೆ ಬೇಡಿಕೊಳ್ಳಬಹುದೇ? ಯಾರೂ ನಿಮಗಾಗಿ ಸಾಯುವುದಿಲ್ಲ, ಸಾವು ಆದ ಮೇಲೆ ಒಂದು ಮನೆಯವರು ಕೊಡಲು ಮನಸ್ಸು ಮಾಡುತ್ತಾರೆ, ಬೇಡಿಕೊಳ್ಳುವುದಾದರೆ ಆ ಮನಸ್ಸಿಗಾಗಿ ಬೇಡಿಕೊಳ್ಳಿ ಅಂದೆ. ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಮುಂದಿನ ಭೇಟಿಗೆ ಮಗನನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.