ಓಡುವ ಮುಧೋಳ ನಾಯಿಗೆ ಎಂಥ ಡ್ರೈ ಫುಡ್ ಹಾಕಬೇಕು?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಮ್ಮಲ್ಲಿ ಮೂರು ವರ್ಷದ ಮುಧೋಳ ಗಂಡು ನಾಯಿ ಇದೆ, ತೂಕ 24 ಕೆಜಿ. ಬೆಳಿಗ್ಗೆ ಬೈಕ್ ಹಿಂದೆ ಓಡುತ್ತದೆ. ರಾತ್ರಿ ಕಬ್ಬು, ಗೋವಿನಜೋಳದ ಹೊಲಕ್ಕೆ ಹಂದಿ ಬಂದರೆ ಬೊಗಳಿ ಅಟ್ಟುತ್ತದೆ, ಜಾತ್ರೆ ಬಂದರೆ ಓಟಕ್ಕೂ ಬಿಡುತ್ತೇವೆ. ಇಲ್ಲಿವರೆಗೂ ಜೋಳದ ರೊಟ್ಟಿ, ಹಾಲು, ಎರಡು ಮೊಟ್ಟೆ ಹಾಕಿಯೇ ಸಾಕಿದ್ದೇವೆ. ಈಗ ಪಕ್ಕೆಲುಬು ಕಾಣುತ್ತಿವೆ, ಡ್ರೈ ಫುಡ್ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅಂಗಡಿಯಲ್ಲಿ ಒಬ್ಬರು ಪ್ರೋಟೀನ್ 32 ಇರೋದು ತಗೊಳ್ಳಿ ಅಂತಾರೆ, ಇನ್ನೊಬ್ಬರು ಬೇಟೆ ನಾಯಿಗೆ ಧಾನ್ಯ ಇಲ್ಲದ್ದೇ ಬೇಕು ಅಂತಾರೆ. ಯಾವುದು ಹಾಕಬೇಕು? ಎಷ್ಟು ಹಾಕಬೇಕು?
– ಓದುಗರು, ಲೋಕಾಪುರ, ಬಾಗಲಕೋಟೆ ಜಿಲ್ಲೆ

ಉತ್ತರ: ಮೊದಲು ಪಕ್ಕೆಲುಬಿನ ಮಾತು ಮುಗಿಸೋಣ. ಮುಧೋಳ ನಾಯಿಗೆ ಹಿಂದಿನ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ, ಅದು ಆ ತಳಿಯ ಮೈಕಟ್ಟು. ಅದನ್ನು ನೋಡಿ ಕನಿಕರಪಟ್ಟು ದಪ್ಪ ಮಾಡಲು ಹೋದರೆ ಭಾರವೆಲ್ಲ ಕಾಲಿನ ಕೀಲುಗಳ ಮೇಲೆ ಬೀಳುತ್ತದೆ. ನೀವು ನೋಡಬೇಕಾದ್ದು ಬೆನ್ನು ಮತ್ತು ತೊಡೆ. ಬೆನ್ನುಮೂಳೆ ಗಂಟು ಗಂಟಾಗಿ ಎದ್ದಿದೆಯಾ, ತೊಡೆಯ ಮಾಂಸ ಇಳಿದಿದೆಯಾ? ಹಾಗಿದ್ದರೆ ನಾಯಿ ನಿಜವಾಗಿ ಸೊರಗಿದೆ. ಆಗಲೂ ಚೀಲ ತರುವ ಮೊದಲು ಪಶುವೈದ್ಯರಲ್ಲಿ ಮಲ ಪರೀಕ್ಷೆ ಮಾಡಿಸಿ, ಉಣ್ಣಿ ಜಾಸ್ತಿ ಇದ್ದರೆ ರಕ್ತವನ್ನೂ ತೋರಿಸಿ. ಹೊಟ್ಟೆಯಲ್ಲಿ ಜಂತುಹುಳು ಇಟ್ಟುಕೊಂಡು, ಇಲ್ಲವೇ ಉಣ್ಣಿಯಿಂದ ಬರುವ ಜ್ವರ ಇಟ್ಟುಕೊಂಡು ಎಷ್ಟು ದುಬಾರಿ ಆಹಾರ ಹಾಕಿದರೂ ಮೈ ಹತ್ತುವುದಿಲ್ಲ.

ಈಗ ಪ್ರೋಟೀನ್. 32 ಅನ್ನುವ ಅಂಕಿಯ ಹಿಂದೆ ಓಡಬೇಡಿ. ಬೆಳೆದ ದೊಡ್ಡ (ಅಡಲ್ಟ್) ನಾಯಿಗೆ ಬೇಕಾದ ಕನಿಷ್ಠ ಪ್ರೋಟೀನ್ ಒಣ ತೂಕದಲ್ಲಿ, ಅಂದರೆ ನೀರಿನಂಶ ಬಿಟ್ಟು, ಶೇ. 18, ಕೊಬ್ಬು ಶೇ. 5.5. ಇದು ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘ, ಅಂದರೆ ಆಫ್ಕೋ, ಇಟ್ಟ ಅಳತೆ. ತುಂಬಾ ಕಂಪನಿಗಳು ಇದನ್ನೇ ಪಾಲಿಸುತ್ತವೆ. ದಿನಾ ದುಡಿಯುವ ನಾಯಿಗೆ ಇದಕ್ಕಿಂತ ಜಾಸ್ತಿ ಬೇಕು ನಿಜ, ಆದರೆ ಪ್ರೋಟೀನ್ ಶೇ. 25ರಿಂದ 28 ಇದ್ದರೆ ಧಾರಾಳವಾಯಿತು. ಓಡುವ ಕಾಲಿಗೆ ಉರುವಲು ಬರುವುದು ಮುಖ್ಯವಾಗಿ ಕೊಬ್ಬು ಮತ್ತು ಪಿಷ್ಟದಿಂದ. ಹಿಮದಲ್ಲಿ ದಿನಗಟ್ಟಲೆ ಗಾಡಿ ಎಳೆಯುವ ನಾಯಿಗೆ ಕೊಬ್ಬು ತುಂಬಾ ಬೇಕು, ಮುಧೋಳದ ಓಟ ಹಾಗಲ್ಲ. ಅದು ಒಮ್ಮೆಲೇ ಹಾರಿ ಸ್ವಲ್ಪ ಹೊತ್ತು ಜೋರಾಗಿ ಓಡಿ ನಿಲ್ಲುವ ಪ್ರಾಣಿ, ಅದಕ್ಕೆ ಪಿಷ್ಟವೂ ಕೆಲಸಕ್ಕೆ ಬರುತ್ತದೆ. ರೇಸಿನ ಗ್ರೇಹೌಂಡ್‌ಗಳ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ ಪ್ರೋಟೀನ್ ಏರಿಸಿ ಪಿಷ್ಟ ಇಳಿಸಿದಾಗ ನಾಯಿಗಳು ಸ್ವಲ್ಪ ನಿಧಾನವಾಗಿಯೇ ಓಡಿದವು. ನಿಮ್ಮ ನಾಯಿಗೆ ಕೊಬ್ಬು ಶೇ. 15ರಿಂದ 18ರ ನಡುವೆ ಇರುವುದನ್ನು ಆರಿಸಿ. ಸಾಮಾನ್ಯ ಅಡಲ್ಟ್ ಚೀಲಗಳಲ್ಲಿ ಎಷ್ಟೋ ಸಲ ಪ್ರೋಟೀನ್ 20, ಕೊಬ್ಬು 10 ಮಾತ್ರ ಇರುತ್ತದೆ. ಅದು ಮನೆ ಬಾಗಿಲಲ್ಲಿ ಮಲಗುವ ನಾಯಿಗೆ ಸಾಕು, ನಿಮ್ಮದಕ್ಕೆ ಸಾಲದು.

ಚೀಲದ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ಓದಿ. ದೊಡ್ಡ ನಾಯಿಗೆ ಸಂಪೂರ್ಣ ಆಹಾರ ಅಂತ ಬರೆದಿರಬೇಕು, ಬರೀ ಸ್ನ್ಯಾಕ್ಸ್ ಅಥವಾ ಪೂರಕ ಅಂತ ಇದ್ದರೆ ಅದರಿಂದ ಹೊಟ್ಟೆ ತುಂಬಿಸುವಂತಿಲ್ಲ. ಪದಾರ್ಥಗಳ ಪಟ್ಟಿ ತೂಕದ ಪ್ರಕಾರ ಇರುತ್ತದೆ, ಜಾಸ್ತಿ ಇರುವುದು ಮೊದಲು. ಇಲ್ಲೊಂದು ಸೂಕ್ಷ್ಮ ಇದೆ. ಮೊದಲ ಹೆಸರು ತಾಜಾ ಚಿಕನ್ ಅಂತಿದ್ದರೆ ಖುಷಿಯಾಗುತ್ತದೆ ಅಲ್ವಾ, ಆದರೆ ಹಸಿ ಮಾಂಸದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ, ಆ ನೀರು ಹೋದ ಮೇಲೆ ಅದರ ಪಾಲು ಎಷ್ಟೋ ಕೆಳಗೆ ಇಳಿಯುತ್ತದೆ. ಚಿಕನ್ ಮೀಲ್ ಅಂದರೆ ನೀರು ತೆಗೆದು ಪುಡಿ ಮಾಡಿದ ಮಾಂಸ, ಅದರಲ್ಲಿ ಪ್ರೋಟೀನ್ ಗಟ್ಟಿಯಾಗಿರುತ್ತದೆ. ಆ ಹೆಸರು ಕಂಡರೆ ಮೂಗು ಮುರಿಯಬೇಡಿ. ಗೋವಿನಜೋಳ, ಅದರ ಗ್ಲುಟನ್, ಅಕ್ಕಿ ತೌಡು, ಗೋಧಿ ತೌಡು ಅಂತ ಧಾನ್ಯವನ್ನೇ ನಾಲ್ಕು ಹೆಸರಲ್ಲಿ ಹಂಚಿ ಬರೆದಿದ್ದರೆ ಮಾತ್ರ ಎಲ್ಲ ಕೂಡಿಸಿ ನೋಡಿ, ಆಗ ಮಾಂಸ ಎಷ್ಟನೇ ಜಾಗಕ್ಕೆ ಹೋಯಿತು ಅಂತ ತಿಳಿಯುತ್ತದೆ.

ಧಾನ್ಯ ಇಲ್ಲದ್ದೇ ಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಚೆನ್ನಾಗಿ ಬೇಯಿಸಿದ ಅಕ್ಕಿ, ಜೋಳವನ್ನು ನಾಯಿ ಅರಗಿಸಿಕೊಳ್ಳುತ್ತದೆ. ಧಾನ್ಯ ತೆಗೆದ ಜಾಗದಲ್ಲಿ ಬಟಾಣಿ, ಮಸೂರ, ಆಲೂಗಡ್ಡೆ ತುಂಬಿದ ಆಹಾರಕ್ಕೂ ನಾಯಿಗಳ ಹೃದಯ ಹಿಗ್ಗುವ ಕಾಯಿಲೆಗೂ ಸಂಬಂಧ ಇರಬಹುದೇ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ತನಿಖೆ ಶುರು ಮಾಡಿತು. ಸಂಬಂಧ ಸಾಬೀತಾಗಿಲ್ಲ. ಆದರೂ ನಾಯಿಗೆ ಅಲರ್ಜಿ ಇಲ್ಲದೆ ಜಾಸ್ತಿ ದುಡ್ಡು ಕೊಟ್ಟು ಅದನ್ನೇ ತರುವುದು ಯಾಕೆ?

ಎಷ್ಟು ಹಾಕಬೇಕು ಅನ್ನುವುದಕ್ಕೆ ಲೆಕ್ಕವಿದೆ. 24 ಕೆಜಿ ನಾಯಿ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 760 ಕಿಲೋ ಕ್ಯಾಲರಿ ಬೇಕು, ಮನೆಯ ಸುತ್ತ ಓಡಾಡಿಕೊಂಡಿದ್ದರೆ ಸುಮಾರು 1,200, ನಿಮ್ಮದರಂತೆ ದುಡಿದರೆ ಸುಮಾರು 1,500. ಪ್ರೋಟೀನ್ 26, ಕೊಬ್ಬು 16 ಇರುವ ಡ್ರೈ ಫುಡ್ ಕಾಳಿನಲ್ಲಿ 100 ಗ್ರಾಂಗೆ ಹತ್ತಿರಹತ್ತಿರ 355 ಕಿಲೋ ಕ್ಯಾಲರಿ ಸಿಗುತ್ತದೆ, ಅಂದರೆ ದಿನಕ್ಕೆ 420 ಗ್ರಾಂ. ಪ್ರೋಟೀನ್ 20, ಕೊಬ್ಬು 10ರ ಅಗ್ಗದ ಚೀಲದಲ್ಲಿ 320 ಮಾತ್ರ, ಅದನ್ನು 470 ಗ್ರಾಂ ಹಾಕಬೇಕಾಗುತ್ತದೆ, ಮಲವೂ ಜಾಸ್ತಿ. ಆದ್ದರಿಂದ ಬೆಲೆ ಹೋಲಿಸುವಾಗ ಕೆಜಿ ಲೆಕ್ಕ ಬಿಟ್ಟು ದಿನದ ಖರ್ಚು ಲೆಕ್ಕ ಹಾಕಿ. ಲೋಟದಿಂದ ಅಂದಾಜು ಮಾಡಬೇಡಿ, ತಕ್ಕಡಿಯಲ್ಲಿ ಒಮ್ಮೆ ತೂಗಿ ಲೋಟಕ್ಕೆ ಗುರುತು ಮಾಡಿಕೊಳ್ಳಿ. ಎರಡು ವಾರಕ್ಕೊಮ್ಮೆ ನಾಯಿಯ ತೂಕ ನೋಡಿ ಒಂದು ಹಿಡಿ ಏರಿಸಿ ಅಥವಾ ಇಳಿಸಿ. ಕೆಲಸ ಇಲ್ಲದ ತಿಂಗಳಲ್ಲಿ ಇಳಿಸಲೇಬೇಕು.

ರೊಟ್ಟಿ ಪೂರಾ ಬಿಡಬೇಕಿಲ್ಲ. ನಮ್ಮ ಕಡೆ ತಲೆತಲಾಂತರದಿಂದ ನಾಯಿಗಳು ಜೋಳದ ರೊಟ್ಟಿ, ನುಚ್ಚು, ಮಜ್ಜಿಗೆ ತಿಂದೇ ಬೆಳೆದಿವೆ, ಅದನ್ನು ಕೀಳಾಗಿ ನೋಡುವುದು ನನಗೆ ಇಷ್ಟವಿಲ್ಲ. ಕೊರತೆ ಇರುವುದು ಕೊಬ್ಬು, ಸುಣ್ಣದ ಅಂಶ (ಕ್ಯಾಲ್ಸಿಯಂ), ವಿಟಮಿನ್‌ಗಳಲ್ಲಿ. ಆದ್ದರಿಂದ ದಿನದ ಕ್ಯಾಲರಿಯಲ್ಲಿ ಹತ್ತನೇ ಒಂದು ಪಾಲು ಮನೆಯದು, ಉಳಿದದ್ದು ಡ್ರೈ ಫುಡ್ ಅಂತ ಇಟ್ಟುಕೊಳ್ಳಿ. ನಿಮ್ಮ ನಾಯಿಗೆ ಅದು ಒಂದು ರೊಟ್ಟಿ ಅಥವಾ ಎರಡು ಬೇಯಿಸಿದ ಮೊಟ್ಟೆ, ಎರಡೂ ಅಲ್ಲ. ಅದನ್ನು ಹಾಕಿದ ದಿನ ಕಾಳಿನಲ್ಲಿ 40 ಗ್ರಾಂ ಕಡಿಮೆ ಮಾಡಿ. ಹಾಲಿಗಿಂತ ಮಜ್ಜಿಗೆ ಒಳ್ಳೆಯದು, ದೊಡ್ಡ ನಾಯಿಗಳಲ್ಲಿ ಹಲವಕ್ಕೆ ಹಾಲು ಅರಗದೆ ಭೇದಿಯಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ, ಅವು ನಾಯಿಯ ರಕ್ತವನ್ನೇ ಕೆಡಿಸುತ್ತವೆ. ಹಳೆಯ ಊಟದಿಂದ ಹೊಸದಕ್ಕೆ ಒಮ್ಮೆಲೇ ಹೋಗಬೇಡಿ, ಮೊದಲು ಕಾಲು ಪಾಲು, ಆಮೇಲೆ ಅರ್ಧ, ಹೀಗೆ ಏಳರಿಂದ ಹತ್ತು ದಿನ ತಗೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಬೇರೆ. ನಾಯಿ ರಾತ್ರಿ ಹಂದಿ ಅಟ್ಟುತ್ತದೆ ಅಂದಿರಿ. ಸಂಜೆ ಏಳಕ್ಕೆ ಹೊಟ್ಟೆ ತುಂಬ ಕಾಳು ತಿಂದು, ಮೇಲೆ ನೀರು ಕುಡಿದು, ಎಂಟಕ್ಕೆ ಹೊಲದಲ್ಲಿ ಹಾರಿದರೆ? ಮುಧೋಳದಂಥ ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ತಿರುಚಿದರೆ ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ವಾಂತಿಗೆ ಒದ್ದಾಡುತ್ತದೆ ಆದರೆ ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ, ಹೊಟ್ಟೆ ಡೊಳ್ಳಿನಂತೆ ಬಿಗಿಯಾಗುತ್ತದೆ. ಇದಕ್ಕೆ ಮನೆಮದ್ದು ಇಲ್ಲ, ತುರ್ತು ಶಸ್ತ್ರಚಿಕಿತ್ಸೆಯೇ ದಾರಿ. ನಾಯಿಗೆ ಆಪರೇಷನ್ ಮಾಡುವ, ರಾತ್ರಿ ಫೋನ್ ಎತ್ತುವ ಪಶುವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ ಅಂತ ಈಗಲೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ. ಊಟದ ಹೊತ್ತು ಹೀಗೆ ಬದಲಾಯಿಸಿ: ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಟ, ಏದುಸಿರು ಪೂರಾ ನಿಂತು ಒಂದೆರಡು ಗಂಟೆ ಆದಮೇಲೆ ದೊಡ್ಡ ಊಟ, ಮಧ್ಯಾಹ್ನ ಮೂರು ನಾಲ್ಕಕ್ಕೆ ಚಿಕ್ಕ ಊಟ. ಕತ್ತಲಾದ ಮೇಲೆ ಕಾಳು ಹಾಕಬೇಡಿ. ಡ್ರೈ ಫುಡ್‌ನಲ್ಲಿ ತೇವಾಂಶ ಸುಮಾರು ಶೇ. 10 ಅಷ್ಟೇ, ಅದಕ್ಕೆ ದಿನವಿಡೀ ನೆರಳಲ್ಲಿ ನೀರು ಇರಲಿ. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಆಗ ಹೊತ್ತೇರುವ ಮೊದಲೇ ಓಟ ಮುಗಿಯಲಿ.

ಅದೇ ಬಿಸಿಲಿಗೆ ಚೀಲದೊಳಗಿನ ಕೊಬ್ಬೂ ಕೆಡುತ್ತದೆ. ಅಗ್ಗ ಅಂತ 20 ಕೆಜಿ ತಂದು ತಗಡಿನ ಶೆಡ್‌ನಲ್ಲಿ ಇಡಬೇಡಿ, ಒಂದು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ಬಾಯಿ ಕಟ್ಟಿ, ಚೀಲದ ಸಮೇತ ಮುಚ್ಚಳದ ಡಬ್ಬಿಯಲ್ಲಿ ತಣ್ಣಗಿನ ಜಾಗದಲ್ಲಿ ಇಡಿ. ಬಿಡಿಯಾಗಿ ತೂಗಿ ಕೊಡುವ ಕಾಳು ಕೊಳ್ಳಬೇಡಿ, ಅದಕ್ಕೆ ತಾರೀಖೂ ಇಲ್ಲ, ಲೇಬಲ್ಲೂ ಇಲ್ಲ. ಕಮಟು ವಾಸನೆ ಬಂದರೆ, ಬೂಷ್ಟು ಕಂಡರೆ ಎಸೆಯಿರಿ. ಬೂಷ್ಟಿನ ವಿಷ ಯಕೃತ್ತನ್ನು ಹಾಳು ಮಾಡುತ್ತದೆ.

ಒಂದು ಮಾತು ನೇರವಾಗಿ ಹೇಳುತ್ತೇನೆ. ಹೊಲದಿಂದ ಬೊಗಳಿ ಅಟ್ಟುವುದು ಬೇರೆ, ನಾಯಿ ಬಿಟ್ಟು ಮೊಲ, ಹಂದಿ ಹಿಡಿಸುವುದು ಬೇರೆ. ಹಾಗೆ ಹಿಡಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಮಾಡಬೇಡಿ. ಇನ್ನು, ನಿಮ್ಮ ಮುಧೋಳದ ಹತ್ತಿರ ತಿಮ್ಮಾಪುರದಲ್ಲೇ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಈ ತಳಿಯನ್ನೇ ಸಾಕುವವರು ಅಲ್ಲಿದ್ದಾರೆ. ಒಮ್ಮೆ ನಾಯಿಯನ್ನು ಕರೆದೊಯ್ದು ಮೈಕಟ್ಟು ತೋರಿಸಿ.

ಪ್ರಶ್ನೆ: ನಮ್ಮದು ದ್ರಾಕ್ಷಿ ತೋಟ. ಓಡುವ ನಾಯಿಗೆ ಶಕ್ತಿ ಬರಲಿ ಅಂತ ಡ್ರೈ ಫುಡ್ ಜತೆ ಒಂದು ಹಿಡಿ ಒಣದ್ರಾಕ್ಷಿ ಹಾಕಬಹುದಾ ಸರ್?
– ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ದಯವಿಟ್ಟು ಬೇಡ. ಹಸಿ ದ್ರಾಕ್ಷಿಯೂ ಬೇಡ, ಒಣದ್ರಾಕ್ಷಿಯಂತೂ ಇನ್ನೂ ಅಪಾಯ. ಕೆಲವು ನಾಯಿಗಳಲ್ಲಿ ಸ್ವಲ್ಪ ತಿಂದರೂ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ, ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ. ಪಕ್ಕದ ಮನೆ ನಾಯಿ ತಿಂದು ಚೆನ್ನಾಗಿದೆ ಅನ್ನುವುದೂ ಲೆಕ್ಕಕ್ಕೆ ಬರುವುದಿಲ್ಲ. ಒಣಗಿಸುವ ಶೆಡ್‌ಗೆ ನಾಯಿ ಹೋಗದಂತೆ ಬಾಗಿಲು ಮಾಡಿ. ತಿಂದದ್ದು ಕಂಡರೆ ವಾಂತಿ ಬರುವವರೆಗೆ ಕಾಯಬೇಡಿ, ಆಗಲೇ ಪಶುವೈದ್ಯರ ಬಳಿ ಹೋಗಿ. ಮೊದಲ ಎರಡು ಗಂಟೆಯಲ್ಲಿ ಔಷಧಿ ಕೊಟ್ಟು ವಾಂತಿ ಮಾಡಿಸಿದರೆ ತುಂಬಾ ಸಹಾಯ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿ, ಅದೇ ಇನ್ನೊಂದು ವಿಷವಾಗುತ್ತದೆ.

ಪ್ರಶ್ನೆ: ಮೂರು ತಿಂಗಳ ಮುಧೋಳ ಮರಿ ತಂದಿದ್ದೇವೆ. ಪಪ್ಪಿ ಡ್ರೈ ಫುಡ್ ಹಾಕುತ್ತಿದ್ದೇವೆ. ಕಾಲು ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಸಿರಪ್ ಕೂಡ ಕೊಡಬೇಕಾ?
– ಓದುಗರು, ಅಥಣಿ, ಬೆಳಗಾವಿ ಜಿಲ್ಲೆ

ಉತ್ತರ: ಬೇಡ. ಒಳ್ಳೆಯ ಪಪ್ಪಿ ಆಹಾರದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಚಿಕ್ಕ ಮರಿಯ ಕರುಳು ಜಾಸ್ತಿಯಾದ ಕ್ಯಾಲ್ಸಿಯಂ ತಡೆಯಲಾರದು, ಅದೆಲ್ಲ ಒಳಗೆ ಹೋಗಿ ಮೂಳೆ ಸೊಟ್ಟಗೆ ಬೆಳೆಯುವ ಸಾಧ್ಯತೆ ಇದೆ. ಚೀಲದಲ್ಲಿ ಪ್ರೋಟೀನ್ ಶೇ. 22.5ಕ್ಕಿಂತ ಜಾಸ್ತಿ ಇದೆಯಾ, ಬೆಳೆಯುವ ಮರಿಗೆ ಅಂತ ಬರೆದಿದೆಯಾ ನೋಡಿ. ದಿನಕ್ಕೆ ಮೂರು ನಾಲ್ಕು ಸಲ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಹಾಕಿ. ಸಿರಪ್ ಕೊಡಬೇಕಾದ್ದು ಬರೀ ಮನೆ ಊಟದ ಮರಿಗೆ, ಅದೂ ವೈದ್ಯರು ಅಳತೆ ಬರೆದುಕೊಟ್ಟರೆ. ಮರಿ ತಾನಾಗಿ ಅಂಗಳದಲ್ಲಿ ಎಷ್ಟು ಬೇಕಾದರೂ ಆಡಲಿ, ಆದರೆ ಒಂದೂಕಾಲು ವರ್ಷ ತುಂಬುವವರೆಗೆ ಬೈಕ್ ಹಿಂದೆ ಓಡಿಸಬೇಡಿ.