ಕಾಂಪೋಸಿಷನ್ ತರಗತಿಯ ಕೊನೆಯಲ್ಲಿ ಕೇಳುವ ಅವಲೋಕನ ಪತ್ರದಲ್ಲಿ ಏನು ಬರೆಯಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ನೀವು ಹುಬ್ಬಳ್ಳಿಯಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಅಮೆರಿಕದ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಪದವಿಗೆ ಸೇರಿದ್ದೀರಿ. ಮೊದಲ ವರ್ಷದವರೆಲ್ಲರಿಗೂ ಕಡ್ಡಾಯವಾಗಿರುವ ಇಂಗ್ಲಿಷ್ ಕಾಂಪೋಸಿಷನ್ (ಪ್ರಬಂಧ ಬರವಣಿಗೆ) ತರಗತಿಯ ಕೊನೆಯಲ್ಲಿ, ಸೆಮಿಸ್ಟರ್ ಪೂರ್ತಿ ಬರೆದ ಪ್ರಬಂಧಗಳನ್ನು ಕರಡುಗಳ ಸಮೇತ ಒಂದು ಪೋರ್ಟ್‌ಫೋಲಿಯೊದಲ್ಲಿ ಜೋಡಿಸಿ, ಬರವಣಿಗೆಯಲ್ಲಿ ನೀವು ಹೇಗೆ ಬೆಳೆದಿರಿ ಎಂಬುದರ ಕುರಿತು ಮೂರು ಪುಟಗಳ ಪತ್ರವೊಂದನ್ನು ಅದರ ಮೊದಲಿಗೆ ಇಡಬೇಕೆಂದು ನಿಮ್ಮ ಪ್ರಾಧ್ಯಾಪಕಿ ಹೇಳಿದ್ದಾರೆ. ಬರವಣಿಗೆ ಸುಧಾರಿಸಿದೆ ಎಂದಷ್ಟೇ ಬರೆದರೆ ಸಾಕೇ, ಸುಧಾರಿಸದೆ ಉಳಿದದ್ದನ್ನು ಹೇಳಿದರೆ ಗ್ರೇಡ್ ಇಳಿಯುತ್ತದೆಯೇ, ವ್ಯಾಕರಣದ ತಪ್ಪುಗಳ ವಿಷಯವನ್ನು ಎತ್ತಬೇಕೇ, ಕೊನೆಯಲ್ಲಿ ಅವರಿಗೆ ಧನ್ಯವಾದ ಹೇಳಬೇಕೇ ಎಂಬುದು ನಿಮ್ಮ ಸಂದೇಹ. ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ ಮೊದಲು ಸಂಶೋಧನಾ ವಿದ್ಯಾರ್ಥಿಯಾಗಿ, ಆಮೇಲೆ ಅಧ್ಯಾಪಕನಾಗಿ ಇದೇ ತರಗತಿಯನ್ನು ಕಲಿಸುತ್ತಾ ಬಂದಿರುವ ನಾನು ಪ್ರತಿ ಡಿಸೆಂಬರ್ ಮತ್ತು ಮೇ ತಿಂಗಳಲ್ಲಿ ಇಂತಹ ಪತ್ರಗಳನ್ನು ಕಂತೆಗಟ್ಟಲೆ ಓದುತ್ತೇನೆ. ಓದುವವರ ಕಡೆಯಿಂದ ಅವು ಹೇಗೆ ಕಾಣುತ್ತವೆ ಎಂಬುದನ್ನು ಹೇಳುವುದು ನಿಮಗೆ ಉಪಯೋಗಕ್ಕೆ ಬರಬಹುದು.

ನೀವು ಸುಧಾರಿಸಿದ್ದೀರೋ ಇಲ್ಲವೋ ಎಂಬುದನ್ನು ತಿಳಿಯಲು ನಿಮ್ಮ ಪ್ರಾಧ್ಯಾಪಕಿಗೆ ಈ ಪತ್ರ ಬೇಕಾಗಿಲ್ಲ. ಸೆಪ್ಟೆಂಬರಿನ ಕರಡು ಮತ್ತು ಡಿಸೆಂಬರಿನ ಪ್ರಬಂಧ ಎರಡೂ ಅವರ ಮುಂದೆಯೇ ಇರುತ್ತವೆ. ಅವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದರೂ ಅವರಿಗೆ ಕಾಣದಿರುವುದು ಒಂದೇ: ಒಂದು ಪ್ಯಾರಾವನ್ನು ನೀವು ಏಕೆ ತೆಗೆದಿರಿ, ಇನ್ನೊಂದನ್ನು ಏಕೆ ಮುಂದಕ್ಕೆ ತಂದಿರಿ, ಸಹಪಾಠಿಯ ಸಲಹೆಗಳಲ್ಲಿ ಯಾವುದನ್ನು ಒಪ್ಪಿ ಯಾವುದನ್ನು ಬಿಟ್ಟಿರಿ ಎಂಬ ನಿರ್ಧಾರಗಳು. ಅವು ನಿಮ್ಮ ತಲೆಯಲ್ಲಿ ಮಾತ್ರ ಇವೆ, ಪತ್ರ ಕೇಳುವುದು ಅವನ್ನೇ. ‘ಈ ತರಗತಿಗೆ ಬರುವ ಮೊದಲು ನನಗೆ ಬರೆಯಲು ಬರುತ್ತಿರಲಿಲ್ಲ, ಈಗ ಆತ್ಮವಿಶ್ವಾಸ ಹೆಚ್ಚಿದೆ, ಕರಡಿನ ಮಹತ್ವ ತಿಳಿದಿದೆ’ ಎಂದು ಸಾಗುವ ಪತ್ರಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಯಾವ ವಿದ್ಯಾರ್ಥಿಯ ಹೆಸರನ್ನು ಹಾಕಿದರೂ ಅವು ಸರಿಹೊಂದುತ್ತವೆ, ಹಾಗಾಗಿ ಯಾರ ಬಗ್ಗೆಯೂ ಏನನ್ನೂ ತಿಳಿಸುವುದಿಲ್ಲ.

ಇಂತಹ ಪತ್ರವನ್ನು ಏಕೆ ಬರೆಸುತ್ತಾರೆಂದು ತಿಳಿದರೆ ಮುಂದಿನ ಮಾತು ಸುಲಭವಾಗುತ್ತದೆ. ಹಾರ್ವರ್ಡ್ ಕಾಲೇಜು 1874ರಲ್ಲಿ ಪ್ರವೇಶಕ್ಕಾಗಿ ಇಂಗ್ಲಿಷ್ ಪ್ರಬಂಧದ ಪರೀಕ್ಷೆಯನ್ನು ತಂದು, ಅದರ ಫಲಿತಾಂಶದಿಂದ ನಿರಾಶೆಗೊಂಡು, 1885ರಲ್ಲಿ ಮೊದಲ ವರ್ಷದವರಿಗೆ ಕಾಂಪೋಸಿಷನ್ ತರಗತಿಯನ್ನು ಆರಂಭಿಸಿತು. ಉಳಿದ ಕಾಲೇಜುಗಳು ಅದನ್ನು ಅನುಸರಿಸಿದವು. ಅಲ್ಲಿಂದ ಬಹುಕಾಲ ಈ ತರಗತಿಯ ಮುಖ್ಯ ಕೆಲಸವೆಂದರೆ ವಿದ್ಯಾರ್ಥಿ ಬರೆದುಕೊಟ್ಟದ್ದರಲ್ಲಿ ಅಧ್ಯಾಪಕರು ತಪ್ಪುಗಳನ್ನು ಗುರುತಿಸಿ ಅಂಕ ಹಾಕುವುದೇ ಆಗಿತ್ತು. 1970ರ ದಶಕದ ಆರಂಭದಲ್ಲಿ ಜ್ಯಾನೆಟ್ ಎಮಿಗ್, ಡೊನಾಲ್ಡ್ ಮರ‍್ರೇ, ಪೀಟರ್ ಎಲ್ಬೋ ಮೊದಲಾದ ಬರವಣಿಗೆಯ ಅಧ್ಯಾಪಕರು, ಬರೆದು ಮುಗಿದ ಪ್ರಬಂಧಕ್ಕಿಂತ ಅದನ್ನು ಬರೆಯುವಾಗ ನಡೆಯುವ ಕೆಲಸವನ್ನು ಗಮನಿಸಿ ಕಲಿಸಬೇಕೆಂದು ವಾದಿಸಿದರು. 1980ರ ದಶಕದಲ್ಲಿ ಎಲ್ಬೋ ಮತ್ತು ಪ್ಯಾಟ್ ಬೆಲನಾಫ್ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದಲ್ಲಿ, ಒಂದೇ ಕೂರುವಿಕೆಯಲ್ಲಿ ಬರೆಯುವ ಪರೀಕ್ಷೆಯ ಬದಲಿಗೆ ಪೋರ್ಟ್‌ಫೋಲಿಯೊಗಳನ್ನು ಓದಿ ನಿರ್ಣಯಿಸುವ ಕ್ರಮವನ್ನು ಜಾರಿಗೆ ತಂದರು. ಪೋರ್ಟ್‌ಫೋಲಿಯೊ ಬಂದ ಮೇಲೆ ಅದರಲ್ಲಿರುವುದನ್ನು ವಿದ್ಯಾರ್ಥಿಯೇ ವಿವರಿಸುವ ಪತ್ರವೂ ವಾಡಿಕೆಗೆ ಬಂದಿತು.

ನಿಮ್ಮ ಪತ್ರಕ್ಕೆ ನೇರವಾಗಿ ಸಂಬಂಧಿಸಿದ ಅಧ್ಯಯನವೊಂದಿದೆ. ನ್ಯಾನ್ಸಿ ಸಾಮರ್ಸ್ ಎಂಬ ಸಂಶೋಧಕಿ 1980ರಲ್ಲಿ ಪ್ರಕಟಿಸಿದ ಲೇಖನಕ್ಕಾಗಿ 20 ಮೊದಲ ವರ್ಷದ ವಿದ್ಯಾರ್ಥಿಗಳಿಂದಲೂ ಪತ್ರಕರ್ತರು, ಸಂಪಾದಕರು, ಅಧ್ಯಾಪಕರು ಸೇರಿದ 20 ಅನುಭವಿ ಬರಹಗಾರರಿಂದಲೂ ತಲಾ 3 ಪ್ರಬಂಧಗಳನ್ನು ಬರೆಯಿಸಿ, ಪ್ರತಿಯೊಂದನ್ನೂ ಎರಡೆರಡು ಬಾರಿ ತಿದ್ದಿ ಬರೆಯಲು ಹೇಳಿದರು. ವಿದ್ಯಾರ್ಥಿಗಳು ತಿದ್ದುವುದೆಂದರೆ ಪದ ಬದಲಿಸುವುದು, ಒಂದೇ ಪದ ಮತ್ತೆ ಮತ್ತೆ ಬಂದಿದ್ದರೆ ತೆಗೆಯುವುದು ಎಂದು ತಿಳಿದಿದ್ದರು. ಹೇಳಬೇಕಾದದ್ದು ಆಗಲೇ ಸಿದ್ಧವಾಗಿದೆ, ಅದಕ್ಕೆ ಒಳ್ಳೆಯ ಮಾತು ಹುಡುಕಿದರಾಯಿತು ಎಂಬುದು ಅವರ ನಂಬಿಕೆ. ಅನುಭವಿಗಳಾದರೋ ತಮ್ಮ ವಾದವೇನೆಂಬುದನ್ನೇ ಮೊದಲ ಕರಡನ್ನು ತಿದ್ದುತ್ತಾ ಕಂಡುಕೊಳ್ಳುತ್ತಿದ್ದರು, ತಮ್ಮೊಡನೆ ಒಪ್ಪದ ಓದುಗನೊಬ್ಬನನ್ನು ಊಹಿಸಿಕೊಂಡು ತಮ್ಮ ಬರಹವನ್ನು ಅವನ ಕಣ್ಣಿನಿಂದ ನೋಡುತ್ತಿದ್ದರು. ನಿಮ್ಮ ಕರಡುಗಳಲ್ಲಿ ಮೊದಲ ಬಗೆಯ ತಿದ್ದುಪಡಿಗಳೆಷ್ಟು, ಎರಡನೆಯ ಬಗೆಯವು ಎಲ್ಲಾದರೂ ಇವೆಯೇ ಎಂದು ಹುಡುಕುವುದರಿಂದಲೇ ನೀವು ಕೆಲಸ ಆರಂಭಿಸಬಹುದು. ಪತ್ರ ಬರೆಯಲು ಕೂರುವ ಮೊದಲು ಒಂದು ಸಂಜೆಯನ್ನು ಇದಕ್ಕೇ ಮೀಸಲಿಡಿ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಹಳೆಯ ಆವೃತ್ತಿಗಳು ಅದರಲ್ಲೇ ಉಳಿದಿರುತ್ತವೆ.

ನಮ್ಮ ಕಡೆಯಿಂದ ಬಂದವರಿಗೆ ಇಲ್ಲಿ ವಿಶೇಷ ತೊಡಕೊಂದಿದೆ. ಶಾಲೆಯಲ್ಲಿ ನಾವು ಪ್ರಬಂಧವೆಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಕಲಿತವರು. ಪೀಠಿಕೆಯಲ್ಲಿ ವಿಷಯದ ಮಹಿಮೆಯನ್ನು ಹೇಳಿ, ವಿವರಣೆಯಲ್ಲಿ ಅನುಕೂಲ–ಅನನುಕೂಲಗಳನ್ನು ಕೊಟ್ಟು, ಉಪಸಂಹಾರದಲ್ಲಿ ಎಲ್ಲರೂ ಕೈಜೋಡಿಸಬೇಕೆಂದು ಕರೆ ನೀಡಿದರೆ ಮುಗಿಯಿತು. ಪರೀಕ್ಷೆಯ ಕೊಠಡಿಯಲ್ಲಿ ಎರಡನೆಯ ಕರಡಿಗೆ ಸಮಯವೂ ಇರಲಿಲ್ಲ. ಕರಡೆಂದರೆ ಮುಂದೆ ದುಂಡಗೆ ಶುದ್ಧಪ್ರತಿ ಮಾಡಲಿಕ್ಕಿರುವುದು ಎಂಬುದಷ್ಟೇ ನಮಗೆ ಗೊತ್ತಿತ್ತು. ಇದನ್ನು ನಾನು ಗೇಲಿ ಮಾಡುತ್ತಿಲ್ಲ, ಒಂದೇ ಕೂರುವಿಕೆಯಲ್ಲಿ ಮೂರು ಗಂಟೆ ನಿಲ್ಲಿಸದೆ ಬರೆಯುವ ಅಭ್ಯಾಸ ಕಡಿಮೆಯದೇನಲ್ಲ, ಇಲ್ಲಿನ ಬಹಳಷ್ಟು ವಿದ್ಯಾರ್ಥಿಗಳಿಗೆ ಅದು ಬಾರದು. ಆದರೆ ಅವಲೋಕನ ಪತ್ರವನ್ನೂ ಅದೇ ಅಚ್ಚಿಗೆ ಹಾಕಿದರೆ ಬರವಣಿಗೆಯ ಮಹತ್ವದ ಮೇಲೆ ಒಂದು ಪೀಠಿಕೆ ಬರುತ್ತದೆ, ಕೊನೆಯಲ್ಲಿ ಜೀವನಪೂರ್ತಿ ಕಲಿಯುತ್ತೇನೆಂಬ ಸಂಕಲ್ಪ ಬರುತ್ತದೆ, ನಡುವೆ ನಿಮ್ಮ ಪ್ರಬಂಧಗಳಿಗೆ ಜಾಗವೇ ಉಳಿಯುವುದಿಲ್ಲ. ಪೀಠಿಕೆಯನ್ನು ಬಿಟ್ಟು, ಮೊದಲ ವಾಕ್ಯದಲ್ಲೇ ಯಾವ ಪ್ರಬಂಧದ ಯಾವ ಭಾಗದ ಬಗ್ಗೆ ಮಾತನಾಡುತ್ತೀರೆಂದು ಹೇಳಿಬಿಡಿ.

ಗುರುತು ಸಿಗದಂತೆ ಸ್ವಲ್ಪ ಬದಲಿಸಿ ಒಂದು ಉದಾಹರಣೆ ಕೊಡುತ್ತೇನೆ. ಪಶ್ಚಿಮ ಕಾನ್ಸಸ್‌ನ ಕೃಷಿಕ ಕುಟುಂಬದ ಹುಡುಗನೊಬ್ಬ ಓಗಲಾಲಾ ಅಂತರ್ಜಲದ ಬಗ್ಗೆ ಸಂಶೋಧನಾ ಪ್ರಬಂಧ ಬರೆದ. ದಕ್ಷಿಣ ಡಕೋಟಾದಿಂದ ಟೆಕ್ಸಸ್‌ವರೆಗೆ 8 ರಾಜ್ಯಗಳ ನೆಲದಡಿ ಹರಡಿರುವ ಈ ನೀರಿನ ಮಟ್ಟ, ಮಳೆ ತುಂಬಿಕೊಡುವುದಕ್ಕಿಂತ ಹೆಚ್ಚಾಗಿ ಎತ್ತುತ್ತಿರುವುದರಿಂದ, ಅವನ ಜಿಲ್ಲೆಯಲ್ಲಿ ದಶಕಗಳಿಂದ ಇಳಿಯುತ್ತಿದೆ. ಅವನ ಮೊದಲ ಕರಡು ನೀರಿಲ್ಲದೆ ಜೀವವಿಲ್ಲ ಎಂದು ಆರಂಭವಾಗಿ ರೈತರು ನೀರು ಉಳಿಸಬೇಕು ಎಂದು ಮುಗಿಯುತ್ತಿತ್ತು. (ಉಪಸಂಹಾರದಲ್ಲಿ ಕರೆ ನೀಡುವವರು ನಾವು ಮಾತ್ರವೇ ಅಲ್ಲವೆಂಬುದನ್ನು ಗಮನಿಸಿ.) ಸಹಪಾಠಿಗಳು ಒಬ್ಬರ ಕರಡನ್ನು ಇನ್ನೊಬ್ಬರು ಓದಿ ಸಲಹೆ ಕೊಡುವ ಪೀರ್ ರಿವ್ಯೂ ದಿನ ಅವನ ಜೊತೆ ಕುಳಿತ ಹುಡುಗಿ, ನಗರದಲ್ಲೇ ಬೆಳೆದವಳು, ಕರಡಿನ ಅಂಚಿನಲ್ಲಿ ಬರೆದದ್ದು ಒಂದೇ ಪ್ರಶ್ನೆ: ನೀರು ಉಳಿಸಿದ ರೈತನಿಗೆ ಏನು ಸಿಗುತ್ತದೆ?

ಅವನು ಉತ್ತರ ಹುಡುಕುತ್ತಾ ಹೋದಾಗ ತನ್ನ ರಾಜ್ಯದ ನೀರಿನ ಕಾನೂನು ಎದುರಾಯಿತು. ಮೊದಲು ಬಳಸಿದವನಿಗೆ ಮೊದಲ ಹಕ್ಕು ಎಂಬ ತತ್ವದ ಮೇಲೆ ನಿಂತ ಆ ವ್ಯವಸ್ಥೆಯಲ್ಲಿ ವರ್ಷಗಟ್ಟಲೆ ಬಳಸದ ಹಕ್ಕು ರದ್ದಾಗುವ ಭಯವಿದೆ. ಒಬ್ಬ ಉಳಿಸಿದ ನೀರನ್ನು ಪಕ್ಕದ ಹೊಲದವನು ಎತ್ತಬಹುದು. ಎರಡನೆಯ ಕರಡಿನಲ್ಲಿ ರೈತರಿಗೆ ಬುದ್ಧಿವಾದ ಹೇಳುವ ಭಾಗ ಪೂರ್ತಿ ಹೋಯಿತು. ಒಬ್ಬೊಬ್ಬ ರೈತನ ಒಳ್ಳೆಯತನದಿಂದ ಈ ಸಮಸ್ಯೆ ಏಕೆ ಬಗೆಹರಿಯುವುದಿಲ್ಲ, ಇಡೀ ಜಿಲ್ಲೆ ಒಟ್ಟಾಗಿ ಮಿತಿ ಹಾಕಿಕೊಂಡರೆ ಏನಾಗುತ್ತದೆ ಎಂಬುದೇ ಪ್ರಬಂಧವಾಯಿತು. ಅವನ ಅವಲೋಕನ ಪತ್ರದ ಒಂದೂವರೆ ಪುಟ ಈ ಒಂದು ಬದಲಾವಣೆಗೇ ಮೀಸಲಾಗಿತ್ತು. ಆ ಪ್ರಶ್ನೆ ಓದಿದಾಗ ಮೊದಲು ಸಿಟ್ಟು ಬಂದದ್ದು, ಅಜ್ಜನಿಗೆ ಫೋನ್ ಮಾಡಿ ಕೇಳಿದ್ದು, ಹಳೆಯ ಕರಡಿನಿಂದ ಉಳಿದದ್ದು ಎರಡೇ ಪ್ಯಾರಾ ಎಂಬುದು, ಅವನ್ನು ಏಕೆ ಉಳಿಸಿಕೊಂಡ ಎಂಬುದು, ಎಲ್ಲವೂ ಅಲ್ಲಿತ್ತು. ‘ನನ್ನ ಬರವಣಿಗೆ ಸುಧಾರಿಸಿದೆ’ ಎಂಬ ವಾಕ್ಯ ಆ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ನಿಮ್ಮ ಕರಡುಗಳಲ್ಲಿ ಇಷ್ಟು ದೊಡ್ಡ ತಿರುವು ಇರಲೇಬೇಕೆಂದಿಲ್ಲ. ಒಂದು ಪ್ಯಾರಾ ಜಾಗ ಬದಲಿಸಿದ್ದು, ಒಂದು ಉದ್ಧರಣೆಯನ್ನು ತೆಗೆದು ಅದರ ಮಾತನ್ನು ನಿಮ್ಮ ವಾಕ್ಯದಲ್ಲೇ ಹೇಳಿದ್ದು, ರೈಟಿಂಗ್ ಸೆಂಟರ್‌ನಲ್ಲಿ (ಬರವಣಿಗೆಗೆ ನೆರವು ಕೊಡುವ ಕಾಲೇಜಿನ ಕೇಂದ್ರ) ಜೋರಾಗಿ ಓದುವಾಗ ಒಂದು ವಾಕ್ಯ ನಿಮಗೇ ಅರ್ಥವಾಗದೆ ನಿಂತದ್ದು, ಇವೂ ಸಾಕು. ಬೇಕಾದದ್ದು ಹಳೆಯ ವಾಕ್ಯ ಮತ್ತು ಹೊಸ ವಾಕ್ಯ ಎರಡನ್ನೂ ಪತ್ರದಲ್ಲಿ ಉದ್ಧರಿಸಿ, ನಡುವೆ ನಡೆದದ್ದನ್ನು ಹೇಳುವುದು. ಮೂರು ಪುಟಗಳಲ್ಲಿ ಇಂತಹ ಎರಡು ಸಂದರ್ಭಗಳಿಗೆ ಮಾತ್ರ ಸ್ಥಳವಿರುತ್ತದೆ. ಎಲ್ಲ ಪ್ರಬಂಧಗಳಿಗೂ ತಲಾ ಅರ್ಧ ಪುಟ ಹಂಚಲು ಹೋಗಬೇಡಿ.

ಸುಧಾರಿಸದ್ದನ್ನು ಹೇಳಿದರೆ ಗ್ರೇಡ್ ಇಳಿಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಕಂಡ ಮಟ್ಟಿಗೆ ಇಲ್ಲ. ಬದಲಿಗೆ ಪತ್ರದ ಉಳಿದ ಮಾತುಗಳಿಗೆ ಅದರಿಂದ ನಂಬಿಕೆ ಬರುತ್ತದೆ. ಆದರೆ ‘ನನ್ನ ಮುಕ್ತಾಯಗಳು ಇನ್ನೂ ದುರ್ಬಲ’ ಎಂದು ಹೇಳಿ ಬಿಟ್ಟರೆ ಅದು ತಪ್ಪೊಪ್ಪಿಗೆಯಷ್ಟೇ ಆಗುತ್ತದೆ. ಮೂರನೆಯ ಪ್ರಬಂಧದ ಮುಕ್ತಾಯವನ್ನು ಎರಡು ಸಲ ಬದಲಿಸಿದಿರಿ ಎಂದುಕೊಳ್ಳೋಣ. ಮೊದಲ ಸಲ ಏನು ಮಾಡಿದಿರಿ, ಅದು ಏಕೆ ಕೂಡಿಬರಲಿಲ್ಲ, ಇನ್ನೊಂದು ವಾರ ಸಿಕ್ಕಿದ್ದರೆ ಏನನ್ನು ಪ್ರಯತ್ನಿಸುತ್ತಿದ್ದಿರಿ ಎಂದು ಬರೆದರೆ ಆ ದೌರ್ಬಲ್ಯ ನಿಮಗೆ ಎಷ್ಟು ಚೆನ್ನಾಗಿ ಗೊತ್ತಿದೆಯೆಂದು ಓದುವವರಿಗೆ ಕಾಣುತ್ತದೆ. ಇನ್ನೊಂದು ಮಾತನ್ನೂ ಇಲ್ಲಿ ಸೇರಿಸಬೇಕು. ಅಧ್ಯಾಪಕರ ಸಲಹೆಯನ್ನು ನೀವು ಬೇಕೆಂದೇ ಪಾಲಿಸದೆ ಬಿಟ್ಟದ್ದಿದ್ದರೆ ಅದನ್ನೂ ಕಾರಣ ಸಹಿತ ಬರೆಯಿರಿ. ಗುರುಗಳ ಮಾತಿಗೆ ಎದುರಾಡಿದಂತಾದೀತೆಂದು ನಮ್ಮವರು ಇದಕ್ಕೆ ಹಿಂಜರಿಯುವುದನ್ನು ನೋಡಿದ್ದೇನೆ. ಇಲ್ಲಿ ಅದನ್ನು ಉದ್ಧಟತನವೆಂದು ಸಾಮಾನ್ಯವಾಗಿ ಯಾರೂ ಎಣಿಸುವುದಿಲ್ಲ.

ವ್ಯಾಕರಣದ ವಿಷಯಕ್ಕೆ ಬಂದರೆ, ಮೀನಾ ಶಾನೆಸ್ಸಿ ಎಂಬ ಅಧ್ಯಾಪಕಿಯ ಕೆಲಸವನ್ನು ನೆನೆಯಬೇಕು. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯ 1970ರಲ್ಲಿ ಹೈಸ್ಕೂಲು ಮುಗಿಸಿದ ಎಲ್ಲರಿಗೂ ಬಾಗಿಲು ತೆರೆದಾಗ, ಕಾಲೇಜಿಗೆ ಸಿದ್ಧರಲ್ಲವೆಂದು ಅನೇಕರು ಕೈಬಿಟ್ಟಿದ್ದ ವಿದ್ಯಾರ್ಥಿಗಳ ತರಗತಿಯ ಮಟ್ಟ ನಿರ್ಧರಿಸಲು ಬರೆಯಿಸಿದ ಸುಮಾರು 4,000 ಪ್ರಬಂಧಗಳನ್ನು ಅವರು ಓದಿದರು. ಅವುಗಳಲ್ಲಿನ ತಪ್ಪುಗಳು ಅಡ್ಡಾದಿಡ್ಡಿಯಾಗಿ ಬಂದವಲ್ಲ, ಅವಕ್ಕೂ ಒಂದು ಕ್ರಮವಿದೆ, ತರ್ಕವಿದೆ ಎಂದು 1977ರಲ್ಲಿ ತೋರಿಸಿಕೊಟ್ಟರು. ನಿಮ್ಮ ತಪ್ಪುಗಳನ್ನೂ ಹಾಗೆ ನೋಡಿ. ಇಂಗ್ಲಿಷಿನ a, an, the ಎಂಬ ಆರ್ಟಿಕಲ್‌ಗಳಂತಹದು ಕನ್ನಡದಲ್ಲಿ ಇಲ್ಲವಾದ್ದರಿಂದ ಅವು ಬಿಟ್ಟುಹೋಗುವುದು ಅಥವಾ ಬೇಡದ ಕಡೆ ಸೇರಿಕೊಳ್ಳುವುದು ಸಹಜ, ಒಂದು ಸೆಮಿಸ್ಟರಿನಲ್ಲಿ ಅದು ಸರಿಹೋಗುವುದಿಲ್ಲ. ವ್ಯಾಕರಣ ಸರಿಯಿಲ್ಲವೆಂದು ಕ್ಷಮೆ ಕೇಳುವ ಪ್ಯಾರಾ ಬೇಡ. ಯಾವ ತಪ್ಪು ಎಲ್ಲೆಲ್ಲಿ ಮರುಕಳಿಸುತ್ತದೆ, ಕೊನೆಯ ಬಾರಿ ಓದುವಾಗ ಅದನ್ನು ಹೇಗೆ ಹಿಡಿಯುತ್ತೀರಿ ಎಂಬುದು ಎರಡು ಮೂರು ವಾಕ್ಯಗಳಲ್ಲಿ ಬಂದರೆ ಸಾಕು.

ನೀವು ಕೇಳದ ಒಂದು ವಿಷಯ: 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಪತ್ರಕ್ಕೆ ನನ್ನಂಥವರು ಹಿಂದಿಗಿಂತ ಹೆಚ್ಚು ತೂಕ ಕೊಡುತ್ತಿದ್ದೇವೆ, ಏಕೆಂದರೆ ಪ್ರಬಂಧ ಯಾರ ಕೈಯಿಂದ ಬಂದಿತೆಂಬುದನ್ನು ಪ್ರಬಂಧವೊಂದರಿಂದಲೇ ತಿಳಿಯುವುದು ಕಷ್ಟವಾಗಿದೆ. ಹಾಗಿರುವಾಗ ಈ ಪತ್ರವನ್ನೇ ಅದರಿಂದ ಬರೆಸುವವರೂ ಇದ್ದಾರೆ. ಬೆಳವಣಿಗೆಯ ಬಗ್ಗೆ ನುಣ್ಣನೆಯ ಮಾತುಗಳನ್ನು ಅದು ಬೇಕಾದಷ್ಟು ಕೊಡುತ್ತದೆ, ಆದರೆ ಅಕ್ಟೋಬರಿನಲ್ಲಿ ನೀವು ಒಂದು ಪ್ಯಾರಾವನ್ನು ಅಳಿಸಿ ಮರುದಿನ ಮತ್ತೆ ತಂದದ್ದು ಅದಕ್ಕೆ ಗೊತ್ತಿರುವುದಿಲ್ಲ. ನಿಮ್ಮ ತರಗತಿಯ ನಿಯಮ ಅನುಮತಿಸಿ, ಪ್ರಬಂಧ ಬರೆಯುವಾಗ ಅಂತಹ ಸಾಧನವನ್ನು ಬಳಸಿದ್ದರೆ, ಎಲ್ಲಿ ಬಳಸಿದಿರಿ, ಅದು ಕೊಟ್ಟದ್ದರಲ್ಲಿ ಏನನ್ನು ತಿರಸ್ಕರಿಸಿದಿರಿ ಎಂಬುದನ್ನೂ ಪತ್ರದಲ್ಲಿ ಸೇರಿಸಿ.

ಇನ್ನು ಧನ್ಯವಾದದ ಮಾತು. ಪತ್ರವೆಂಬ ಹೆಸರಿರುವುದರಿಂದ ಪ್ರಾಧ್ಯಾಪಕಿಯನ್ನು ಸಂಬೋಧಿಸಿ ಆರಂಭಿಸುವುದು ಸರಿಯೇ, ಆದರೆ ಗ್ರೇಡಿಗೆ ಒಳಪಡುವ ಬರಹದ ಕೊನೆಯಲ್ಲಿ ಅವರನ್ನು ಹೊಗಳಿದರೆ ಓದುವವರಿಗೆ ಮುಜುಗರವಾಗುತ್ತದೆ, ಮನಃಪೂರ್ವಕವಾಗಿ ಹೇಳಿದ್ದರೂ ಅದು ಹಾಗೆ ಕಾಣುವುದಿಲ್ಲ. ಅವರ ಒಂದು ಟಿಪ್ಪಣಿಯಿಂದ ನಿಮ್ಮ ಪ್ರಬಂಧ ನಿಜವಾಗಿ ಬದಲಾಗಿದ್ದರೆ ಆ ಟಿಪ್ಪಣಿಯನ್ನು ಉದ್ಧರಿಸಿ, ಬದಲಾದದ್ದನ್ನು ತೋರಿಸಿ. ಅದಕ್ಕೂ ಮೀರಿ ಕೃತಜ್ಞತೆ ಹೇಳಬೇಕೆನಿಸಿದರೆ, ಗ್ರೇಡ್‌ಗಳು ಪ್ರಕಟವಾದ ನಂತರ ನಾಲ್ಕು ಸಾಲಿನ ಇಮೇಲ್ ಕಳುಹಿಸಿ. ಜನವರಿಯಲ್ಲಿ ಹೊಸ ತರಗತಿಯ ಗಡಿಬಿಡಿಯ ನಡುವೆ ಬರುವ ಅಂತಹ ಇಮೇಲ್‌ಗಳನ್ನು ನಾವು ಅಳಿಸದೆ ಇಟ್ಟುಕೊಳ್ಳುತ್ತೇವೆ.